ಶೇಕಡಾ ತೊಂಬತ್ತೆರಡರ ಗಂಡಸು

ಬೀಜ ಪರೀಕ್ಷಾ ಕೇಂದ್ರದಲ್ಲಿ ಹದಿನೈದು ವರ್ಷಗಳಿಂದ ಮೊಳಕೆ ಎಣಿಸುತ್ತಿದ್ದ ಆ ಮನುಷ್ಯನನ್ನು ಎಲ್ಲರೂ ಶೇಕಡಾ ಎಂದೇ ಕರೆಯುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಒದ್ದೆ ಕಾಗದದ ಮೇಲೆ ನೂರು ಬೀಜ ಸಾಲಾಗಿ ಇಡುವುದು, ಸುರುಳಿ ಸುತ್ತಿ ಬೆಚ್ಚಗಿನ ಕಪಾಟಿನಲ್ಲಿ ನಿಲ್ಲಿಸುವುದು, ಎಂಟನೇ ದಿನ ಬಿಚ್ಚಿ ನೆಟ್ಟಗೆ ಬಂದ ಮೊಳಕೆಗಳನ್ನು ಎಣಿಸಿ ‘ನಾರ್ಮಲ್’ ಎಂಬ ಅಂಕಣದಲ್ಲಿ ಬರೆಯುವುದು. ಇಷ್ಟೇ ಅವನ ಕೆಲಸ. ಎಪ್ಪತ್ತಕ್ಕಿಂತ ಒಂದು ಕಡಿಮೆಯಾದರೂ ಕೆಂಪು ಮೊಹರು ಎತ್ತಿ ‘ತಿರಸ್ಕೃತ’ ಎಂದು ಗುದ್ದುತ್ತಿದ್ದ. ಆ ಗುದ್ದಿನ ಸದ್ದು ಪಕ್ಕದ ಕೋಣೆಗೂ ಕೇಳುತ್ತಿತ್ತು.

ಈ ರೋಗ ಮನೆಗೂ ಬಂದಿತ್ತು. ಕಾಫಿ ಹೇಗಿದೆ ಎಂದು ಹೆಂಡತಿ ಕೇಳಿದರೆ ‘ಎಂಬತ್ತೈದು’ ಎನ್ನುತ್ತಿದ್ದ. ಒಮ್ಮೆ ಹೊಸ ಬಟ್ಟೆ ತೊಟ್ಟು ಕನ್ನಡಿ ಮುಂದೆ ನಿಂತು, “ಹೇಗೆ ಕಾಣ್ತೀನಿ?” ಎಂದವಳಿಗೆ, “ಎಪ್ಪತ್ತೆಂಟು, ಪಾಸು” ಎಂದುಬಿಟ್ಟ. ಶಾಲೆಯಲ್ಲಿ ಚಿತ್ರಕಲೆ ಕಲಿಸುವ ಆಕೆ ಎರಡು ದಿನ ಮಾತು ಬಿಟ್ಟಳು. ಮೂರನೇ ದಿನ ನಕ್ಕಳು. ಒಳ್ಳೆಯ ಹೆಂಗಸು ಎಂದು ಇದರಿಂದಲೇ ತಿಳಿಯಬಹುದು.

ಮದುವೆಯಾಗಿ ಆರು ವರ್ಷವಾದರೂ ಅವರಿಗೆ ಮಕ್ಕಳಾಗಿರಲಿಲ್ಲ. ಡಾಕ್ಟರಮ್ಮ ಹೆಂಡತಿಗೆ ರಕ್ತ, ಸ್ಕ್ಯಾನು, ಎಕ್ಸ್‌ರೇ ಎಲ್ಲವನ್ನೂ ಮಾಡಿಸಿ, ಏನೂ ದೋಷ ಕಾಣದೆ, ಕೊನೆಗೆ ಗಂಡನ ಕಡೆ ತಿರುಗಿದರು. “ಇನ್ನು ನಿಮ್ಮದು” ಎಂದು ಒಂದು ಸಣ್ಣ ಡಬ್ಬಿ ಕೊಟ್ಟರು. ಶೇಕಡಾ ಆ ಡಬ್ಬಿಯನ್ನು ಪ್ಯಾಂಟಿನ ಜೇಬಿನಲ್ಲಿಟ್ಟುಕೊಂಡು ಹನ್ನೊಂದು ದಿನ ಓಡಾಡಿ, ಹನ್ನೆರಡನೇ ದಿನ ಧೈರ್ಯ ಮಾಡಿ, ಪರೀಕ್ಷೆಗೆ ಕೊಟ್ಟು ಬಂದ.

ರಿಪೋರ್ಟು ತರಲು ಒಬ್ಬನೇ ಹೋದ. ಬಸ್ ನಿಲ್ದಾಣದ ಕಂಬಕ್ಕೆ ಬೆನ್ನು ಕೊಟ್ಟು ಕವರ್ ಒಡೆದ. ಅವನ ಕಣ್ಣು ರೂಢಿಯಂತೆ ನೇರವಾಗಿ ಹೋಗಿ ನಿಂತದ್ದು ‘ನಾರ್ಮಲ್’ ಎಂಬ ಪದದ ಮೇಲೆ. ನಾರ್ಮಲ್ ಆಕಾರದ ವೀರ್ಯಾಣುಗಳು: ನೂರಕ್ಕೆ ಐದು.

ಐದು! ಅವನ ಹದಿನೈದು ವರ್ಷದ ಸರ್ವೀಸಿನಲ್ಲಿ ಇಷ್ಟು ಕೆಟ್ಟ ಲಾಟು ಬಂದಿದ್ದು ಒಂದೇ ಸಲ, ಅದೂ ಮೂರು ದಿನ ನೀರಿನಲ್ಲಿ ಮುಳುಗಿದ್ದ ಗೋದಾಮಿನಿಂದ. ಆ ಸಾಲಿನ ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಇನ್ನೇನೋ ಅಚ್ಚಾಗಿತ್ತು. ಒಂದೇ ಅಂಕಣ ನೋಡಿ ಪಳಗಿದ ಕಣ್ಣು ಅತ್ತ ಹೊರಳಲಿಲ್ಲ. ಕಿವಿಯಲ್ಲಿ ಮಾತ್ರ ಕೆಂಪು ಮೊಹರಿನ ಗುದ್ದು ಕೇಳಿಸಿತು. ಎರಡು ಬಸ್ಸು ಬಂದು ಹೋದವು, ಅವನು ಹತ್ತಲಿಲ್ಲ.

ಮನೆ ತಲುಪಿದಾಗ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಅವಳ ಹೆಗಲ ಮೇಲಿಂದ ಅತ್ತೆಯ ಮುಖ ಇಣುಕುತ್ತಿತ್ತು. ಮಗಳನ್ನು ನೋಡಿಕೊಳ್ಳಲು ಬಂದು ನಾಲ್ಕು ತಿಂಗಳಾಗಿದ್ದ ಅತ್ತೆ ಇಡೀ ಕಟ್ಟಡಕ್ಕೆ ದಿನಪತ್ರಿಕೆ ಇದ್ದಂತೆ.

“ಏನಂತೆ ರೀ?” ಎಂದಳು ಹೆಂಡತಿ.

ಆ ಬೆಳಗ್ಗೆ ಅವನು ಒಂದು ಜೋಳದ ಲಾಟು ಎಣಿಸಿದ್ದ. ಅದೇ ಸಂಖ್ಯೆ ನಾಲಿಗೆ ತುದಿಯಲ್ಲಿ ಕುಳಿತಿತ್ತು.

“ತೊಂಬತ್ತೆರಡು” ಎಂದ.

“ತೊಂಬತ್ತೆರಡಾ!” ಅತ್ತೆ ಎದೆ ಮೇಲೆ ಕೈಯಿಟ್ಟುಕೊಂಡರು. “ನನ್ನ ಅಳಿಯಂದ್ರು ಓದಿನಲ್ಲಿ ಯಾವತ್ತಾದ್ರೂ ಇಷ್ಟು ತಗೊಂಡಿದ್ರಾ?” ಚಪ್ಪಲಿ ಮೆಟ್ಟಿಕೊಂಡವರೇ ಮೆಟ್ಟಿಲಿಳಿದು ಹೋದರು.

ಹೆಂಡತಿಯ ಮುಖ ಮಾತ್ರ ಅರಳಲಿಲ್ಲ. “ಹಾಗಾದ್ರೆ ತೊಂದರೆ ನಂದೇ” ಎಂದು ಮೆಲ್ಲಗೆ ಹೇಳಿ ಒಳಗೆ ಹೋದಳು. ಮರುದಿನವೇ ಡಾಕ್ಟರಮ್ಮನಿಗೆ ಫೋನು ಮಾಡಿದಳು. ಗಂಡನದು ಅಷ್ಟು ಚೆನ್ನಾಗಿದ್ದರೆ ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾ ಬಿಟ್ಟು ನೋಡೋಣ, ಗಂಡನ ರಿಪೋರ್ಟನ್ನು ಆಸ್ಪತ್ರೆಗೆ ಸೇರುವ ದಿನ ತಂದರೆ ಸಾಕು ಎಂದರಂತೆ. ಆರು ವಾರ ಬಿಟ್ಟು ಒಂದು ಶುಕ್ರವಾರ ಗೊತ್ತಾಯಿತು.

ತನ್ನ ಐದು ಮುಚ್ಚಿಡಲು ಹೇಳಿದ ಸುಳ್ಳಿಗೆ ಈಗ ಹೆಂಡತಿಯ ಹೊಟ್ಟೆಗೆ ತೂತು! ಹೇಳಿಬಿಡಬೇಕು ಎಂದು ಶೇಕಡಾ ಅಡುಗೆಮನೆವರೆಗೆ ಹೋದ. ಅಲ್ಲಿ ಅತ್ತೆ, “ಬನ್ನಿ ತೊಂಬತ್ತೆರಡು!” ಎಂದು ಕಾಫಿ ಕೈಗಿತ್ತರು. ಕುಡಿದು ವಾಪಸು ಬಂದ.

ಇನ್ನು ಉಳಿದದ್ದು ಒಂದೇ ದಾರಿ. ಆರು ವಾರದೊಳಗೆ ಐದನ್ನು ತೊಂಬತ್ತೆರಡು ಮಾಡುವುದು. ಹಾಗಾದರೆ ಸುಳ್ಳು ತಾನಾಗಿ ನಿಜವಾಗುತ್ತದೆ, ಅಷ್ಟರೊಳಗೆ ಹೆಂಡತಿ ಬಸುರಾದರೆ ಆಪರೇಷನ್ನೇ ಬೇಡ. ಸರ್ಕಾರಿ ತಲೆಗೆ ಇದಕ್ಕಿಂತ ನೇರವಾದ ಯೋಜನೆ ಹೊಳೆಯುವುದು ಕಷ್ಟ.

ಕಚೇರಿಯ ಪುಸ್ತಕದ ಬೀರುವಿನಲ್ಲಿ ಯಾರೂ ಓದದ ವಿಜ್ಞಾನ ಪತ್ರಿಕೆಗಳಿದ್ದವು. ಅವುಗಳಲ್ಲಿ ಗಿಡಮೂಲಿಕೆಗಳ ಸಾರಕ್ಕೂ ಗಂಡಿನ ಫಲವಂತಿಕೆಗೂ ಇರುವ ಸಂಬಂಧದ ಬಗ್ಗೆ ಒಂದು ಲೇಖನ ಸಿಕ್ಕಿತು. ಒಂದು ಬೀಜದ ಪುಡಿಯನ್ನು ಗಂಡು ಇಲಿಗಳಿಗೆ ಅರವತ್ತು ದಿನ ಕುಡಿಸಿದಾಗ ವೀರ್ಯಾಣುಗಳು ಹೆಚ್ಚಿ ಚುರುಕಾಗಿ ಈಜಿದವು ಎಂದಿತ್ತು. ಮುಂದಿನ ಪುಟದಲ್ಲಿ ಇನ್ನೊಂದು ಗಿಡದ ಸಾರ ಕುಡಿದ ಇಲಿಗಳ ಲೆಕ್ಕ ಅರ್ಧಕ್ಕಿಳಿದಿತ್ತು. ಶೇಕಡಾ ಆ ಪುಟವನ್ನು ಬೇಗ ಮಗುಚಿದ.

ಮೊದಲನೆಯ ಬೀಜ ಅವನ ಕಪಾಟಿನಲ್ಲೇ ಇತ್ತು! ಪರೀಕ್ಷೆ ಮುಗಿದು ನಾಶಪಡಿಸಲು ತೆಗೆದಿಟ್ಟ ಸ್ಯಾಂಪಲ್. ಚೆನ್ನಾಗಿ ಬಿಡಿಸಿ ತೊಳೆದ ಹೊಳೆಯುವ ಕಪ್ಪು ಬೀಜ, ಬಾಟಲಿಯ ಮೇಲೆ ಲ್ಯಾಟಿನ್ ಹೆಸರು: ಮುಕುನಾ ಪ್ರೂರಿಯನ್ಸ್. ಇಲಿಗೆ ಕೊಟ್ಟ ಪ್ರಮಾಣವನ್ನು ತನ್ನ ಎಪ್ಪತ್ತೊಂದು ಕಿಲೋಗೆ ಗುಣಿಸಿದ. ಇಲಿಗಿದ್ದದ್ದು ಅರವತ್ತು ದಿನ, ತನಗಿರುವುದು ನಲವತ್ತೆರಡೇ. ಅದಕ್ಕಾಗಿ ಒಂದೂವರೆ ಪಟ್ಟು ಮಾಡಿದ. ದಿನಕ್ಕೆ ಮೂರು ಚಮಚ ಪುಡಿ, ಬಿಸಿನೀರಿನಲ್ಲಿ.

“ಅದೇನ್ರೀ ಕುಡೀತಿರೋದು?”

“ಗ್ಯಾಸಿಗೆ ಕಣೇ.”

ಮೊದಲ ವಾರ ಹೊಟ್ಟೆ ತೊಳಸಿತು. ಎರಡನೇ ವಾರ ಕೂತರೆ ನಿಲ್ಲಬೇಕು, ನಿಂತರೆ ನಡೆಯಬೇಕು ಎನ್ನಿಸಿತು. ಸುಳ್ಳಿನ ದೆಸೆಯೋ ಪುಡಿಯ ದೆಸೆಯೋ, ಕೈಕಾಲು ಒಂದು ಕಡೆ ನಿಲ್ಲಲಿಲ್ಲ. ಊಟಕ್ಕೆ ಕೂತವನು ತಟ್ಟೆ ಹಿಡಿದುಕೊಂಡು ಹಜಾರದಲ್ಲಿ ಸುತ್ತಿದ. ಅತ್ತೆ ಕಣ್ತುಂಬ ನೋಡಿ, “ಏನು ಚುರುಕು ನೋಡೇ! ತೊಂಬತ್ತೆರಡು ಅಂದ್ರೆ ಸುಮ್ನೇನಾ!” ಎಂದರು.

ಅತ್ತೆಯ ಪ್ರಸಾರ ಅಷ್ಟರಲ್ಲಿ ಮೂರೂ ಮಹಡಿ ಮುಟ್ಟಿತ್ತು. ಮೆಟ್ಟಿಲಲ್ಲಿ ಎದುರಾದ ಹೆಂಗಸರು ದಾರಿ ಬಿಟ್ಟು ನಿಲ್ಲತೊಡಗಿದರು. ಒಂದು ಸಂಜೆ ಕೆಳಮನೆಯ ಬಸ್ ಕಂಡಕ್ಟರು ಅವನನ್ನು ನೀರಿನ ಟ್ಯಾಂಕಿನ ಹಿಂದಕ್ಕೆ ಎಳೆದುಕೊಂಡು ಹೋದರು.

“ಅಣ್ಣಾ, ನನ್ನ ಫ್ರೆಂಡ್ ಒಬ್ಬನಿಗೆ ಸ್ವಲ್ಪ ಸಮಸ್ಯೆ. ನೀವು ಏನು ತಗೋತೀರಿ ಅಂತ ಕೇಳ್ಕೊಂಡು ಬಾ ಅಂದ.”

“ನಾನೇನೂ ತಗೊಳಲ್ಲಪ್ಪ.”

“ದಿನಾ ಬೆಳಿಗ್ಗೆ ಕಿಟಕೀಲಿ ನಿಂತು ಕುಡೀತೀರಲ್ಲ ಅಣ್ಣಾ. ಮುಖ ಕಿವುಚಿಕೊಂಡು.”

ಶೇಕಡಾನಿಗೆ ನಿರಾಕರಿಸುವ ಧೈರ್ಯ ಬರಲಿಲ್ಲ. ಆ ಫ್ರೆಂಡಿಗೆ ಒಂದು ಪೊಟ್ಟಣ ಹೋಯಿತು. ನಾಲ್ಕನೇ ದಿನ ಕಚೇರಿಯಲ್ಲಿ ಸಾಹೇಬರು ಕರೆದು, ಬಾಗಿಲು ಹಾಕಿ, ಫ್ಯಾನು ಜೋರು ಮಾಡಿ, ಅದರ ಸದ್ದಿನ ಮರೆಯಲ್ಲಿ ಮಾತಾಡಿದರು. ಸಾಹೇಬರು ತಡವಾಗಿ ಮದುವೆಯಾದವರು.

“ಏನ್ರೀ ಶೇಕಡಾ, ತೊಂಬತ್ತೆರಡಂತೆ?”

“ನಿಮ್ಮವರೆಗೂ ಬಂತಾ ಸಾರ್?”

“ನಮ್ಮನೆಯವರು ನಿಮ್ಮತ್ತೆ ಜೊತೆ ಒಂದೇ ಬಸ್ಸಲ್ಲಿ ಬಂದ್ರು. ಇರಲಿ. ನನ್ನ ಹಳೇ ಸ್ನೇಹಿತನೊಬ್ಬ ಇದಾನೆ, ಪಾಪ...”

ಆ ಊರಿನ ಗಂಡಸರಿಗೆಲ್ಲ ಸೇರಿ ಒಬ್ಬನೇ ನತದೃಷ್ಟ ಸ್ನೇಹಿತನಿದ್ದಂತೆ ಕಾಣುತ್ತದೆ.

ಮೂವರು ಕುಡಿಯಲು ತೊಡಗಿದ ಮೇಲೆ ಬಾಟಲಿ ಎಷ್ಟು ದಿನ ಬಂದೀತು? ಬುಧವಾರಕ್ಕೆ ತಳ ಕಂಡಿತು. ಶುಕ್ರವಾರ ಆಪರೇಷನ್. ಉಗ್ರಾಣದ ಮೂಲೆಯಲ್ಲಿ ಅದೇ ಲ್ಯಾಟಿನ್ ಹೆಸರಿನ ಚೀಟಿ ಹೊತ್ತ ಒಂದು ಗೋಣಿಚೀಲ ಸಿಕ್ಕಿತು. ಅದರಲ್ಲಿ ಬಿಡಿಸಿದ ಬೀಜವಿರಲಿಲ್ಲ, ಒಣಗಿದ ಕಾಯಿಗಳಿದ್ದವು. ಮೇಲೆ ಹೊಂಬಣ್ಣದ ನವಿರು ರೋಮ, ಮಖಮಲ್ಲಿನ ಹಾಗೆ. ಹೊಲಗದ್ದೆ ಕಂಡ ಯಾರನ್ನು ಕರೆದು ತೋರಿಸಿದ್ದರೂ ಹತ್ತು ಮಾರು ಹಿಂದಕ್ಕೆ ಹಾರಿ, ಇದು ನಸುಗುನ್ನಿ, ಈ ರೋಮ ಮೈಗೆ ತಾಕಿದರೆ ಚರ್ಮ ಕಿತ್ತು ಬರುವಂತೆ ತುರಿಸುತ್ತೆ ಎನ್ನುತ್ತಿದ್ದರು. ಆದರೆ ನಮ್ಮವನು ಬೀಜ ಬಲ್ಲವನೇ ಹೊರತು ಗಿಡ ಬಲ್ಲವನಲ್ಲ. ಅವನ ಮೇಜಿಗೆ ಯಾವಾಗಲೂ ಬಂದದ್ದು ಬಿಡಿಸಿ ತೊಳೆದ ಮಾಲು. ಕೈ ಹಾಳಾಗದಿರಲೆಂದು ರಬ್ಬರಿನ ಕೈಗವಸು ತೊಟ್ಟು, ಕಾಯಿಗಳನ್ನೆಲ್ಲ ಬೀಜ ತೂರುವ ಯಂತ್ರದ ಬಾಯಿಗೆ ಸುರಿದು ಗುಂಡಿ ಒತ್ತಿದ. ಯಂತ್ರ ಕಾಯಿ ಒಡೆದು ಬೀಜವನ್ನು ಕೆಳಗೆ ಬೀಳಿಸಿತು, ಹಗುರಾದ ರೋಮವನ್ನೆಲ್ಲ ಮೇಲಿನ ಕೊಳವೆಗೆ ಹೀರಿಕೊಂಡು ಇಟ್ಟುಕೊಂಡಿತು. ಶೇಕಡಾ ಬೀಜ ಬಾಚಿಕೊಂಡು, ಯಂತ್ರದ ಹೊರಮೈ ಒರೆಸಿ, ಹಗುರ ಮನಸ್ಸಿನಿಂದ ಮನೆಗೆ ಹೋದ.

ಮರುದಿನ, ಅಂದರೆ ಗುರುವಾರ, ಯಾವ ಮುನ್ಸೂಚನೆಯೂ ಇಲ್ಲದೆ ಮುಖ್ಯ ಕಚೇರಿಯಿಂದ ಡೈರೆಕ್ಟರು ತಪಾಸಣೆಗೆ ಬಂದರು. ಬಿಳಿ ಅಂಗಿಯ, ನಗದ ಮನುಷ್ಯ. ಸಾಹೇಬರು ಅವರನ್ನು ಕೋಣೆಯಿಂದ ಕೋಣೆಗೆ ಕರೆದೊಯ್ದು, ತೂರುವ ಯಂತ್ರದ ಮುಂದೆ ನಿಲ್ಲಿಸಿ, “ನಮ್ಮ ಹೆಮ್ಮೆ ಸಾರ್ ಇದು” ಎಂದು ತಾವೇ ಗುಂಡಿ ಒತ್ತಿದರು.

ಕೊಳವೆ ಒಮ್ಮೆ ಕೆಮ್ಮಿತು. ಹೊಂಬಣ್ಣದ ಧೂಳು ಭುಸ್ಸೆಂದು ಮೇಲೆದ್ದು, ಕಿಟಕಿಯ ಬಿಸಿಲಿನಲ್ಲಿ ಸುಂದರವಾಗಿ ಮಿನುಗುತ್ತ, ಮೆಲ್ಲಗೆ ಎಲ್ಲರ ಮೇಲೂ ಇಳಿಯಿತು.

ಮೊದಲು ಡೈರೆಕ್ಟರು ಕತ್ತು ಮುಟ್ಟಿಕೊಂಡರು, ಆಮೇಲೆ ಮೊಣಕೈ. ಒಂದು ನಿಮಿಷದಲ್ಲಿ ಇಡೀ ಕೇಂದ್ರ ಕುಣಿಯುತ್ತಿತ್ತು. ಟೈಪಿಸ್ಟಮ್ಮ ಅಡಿಕೋಲಿನಿಂದ ಬೆನ್ನು ಗೀರಿಕೊಂಡರು. ಜವಾನ ಬಾಗಿಲ ಚೌಕಟ್ಟಿಗೆ ಮೈ ಉಜ್ಜಿದ. ಮೈಯೆಲ್ಲ ಬೆಂಕಿ ಹತ್ತಿದಂತೆ ಶೇಕಡಾ ನಿಂತಲ್ಲೇ ಹಾರುತ್ತಿದ್ದ. ಟೈಪಿಸ್ಟಮ್ಮ ಒಂದು ಕೈಯಲ್ಲಿ ಕೆರೆದುಕೊಳ್ಳುತ್ತ ಇನ್ನೊಂದು ಕೈಯಲ್ಲಿ ಅವನ ಮನೆಗೆ ಫೋನು ಮಾಡಿ, “ನಿಮ್ಮ ಯಜಮಾನ್ರಿಗೆ ಏನೋ ಆಗಿದೆ, ಬೇರೆ ಬಟ್ಟೆ ತಗೊಂಡು ಬನ್ನಿ” ಎಂದರು.

ಸಾಹೇಬರಿಗೆ ಮಾತ್ರ ಇದು ಪುಡಿಯದೇ ಪರಿಣಾಮ ಎಂದು ಗಟ್ಟಿಯಾಗಿ ಅನ್ನಿಸಿತು. ಹನ್ನೆರಡು ದಿನದಿಂದ ಕುಡಿಯುತ್ತಿದ್ದದ್ದು ಇವತ್ತು ಮೈಗೆ ಹತ್ತಿದೆ! ಉರಿಯಲ್ಲಿ ಸ್ಥಳ ಸಂದರ್ಭ ಮರೆತು ಗುಡುಗಿದರು: “ಏನ್ರೀ ಶೇಕಡಾ! ತೊಂಬತ್ತೆರಡು ಬರೋಕೆ ಮುಂಚೆ ಹೀಗೆ ಉರಿಯುತ್ತೆ ಅಂತ ಒಂದು ಮಾತು ಹೇಳಬಾರದಾಗಿತ್ತಾ?”

ಡೈರೆಕ್ಟರು ಕೆರೆಯುವುದನ್ನು ನಿಲ್ಲಿಸಿದರು. “ಯಾವ ತೊಂಬತ್ತೆರಡು?”

ಸಾಹೇಬರು ಯಂತ್ರದ ಗುಂಡಿ ಆರಿಸುವ ನೆಪದಲ್ಲಿ ಅತ್ತ ತಿರುಗಿದರು.

“ರಿಜಿಸ್ಟರ್‌ನಲ್ಲಿ ಈ ತಿಂಗಳು ತೊಂಬತ್ತೆರಡು ಬಂದಿರೋ ಲಾಟೇ ಇಲ್ಲ. ಏನು ನಡೀತಿದೆ ಇಲ್ಲಿ? ಯಾವ ಬೆಳೆ ಅದು?”

“ಬೆಳೆ ಅಲ್ಲ ಸಾರ್” ಎಂದ ಶೇಕಡಾ. “ಸ್ವಂತದ್ದು.”

“ಸ್ವಂತದ್ದಾ! ಸರ್ಕಾರಿ ಲ್ಯಾಬಲ್ಲಿ ಸ್ವಂತ ಸ್ಯಾಂಪಲ್ ಟೆಸ್ಟ್ ಮಾಡ್ತೀರಾ?”

“ಇಲ್ಲ ಸಾರ್, ಹೊರಗಡೆ ಮಾಡಿಸಿದ್ದು.”

“ಸ್ಯಾಂಪಲ್ ತೆಗೆದವರು ಯಾರು?”

“ನಾನೇ ಸಾರ್.”

“ಸಾಕ್ಷಿ ಯಾರಿದ್ರು?”

“ಸಾರ್!”

“ಸ್ಯಾಂಪಲ್ ತೆಗೆಯೋವಾಗ ಇಬ್ಬರು ಸಾಕ್ಷಿ ಇರಬೇಕು ಅಂತ ನಿಯಮ ಇಲ್ವೇನ್ರೀ? ಹದಿನೈದು ವರ್ಷದ ಸರ್ವೀಸು ನಿಮ್ಮದು!”

“ಬಾಗಿಲು ಹಾಕ್ಕೊಂಡಿದ್ದೆ ಸಾರ್.”

“ಬಾಗಿಲು ಬೇರೆ ಹಾಕ್ಕೊಂಡಿದ್ರಾ! ಸೀಲ್ ಮಾಡಿದ್ರಾ?”

“ಮುಚ್ಚಳ ಗಟ್ಟಿಯಾಗಿ ಹಾಕಿದ್ದೆ ಸಾರ್.”

“ಕಚೇರೀಲಿ ಇಡೋಕೆ ಎರಡನೇ ಭಾಗ?”

“ಅಷ್ಟೊಂದು ಇರಲಿಲ್ಲ ಸಾರ್.”

ಡೈರೆಕ್ಟರು ಎರಡೂ ಕೈಯಿಂದ ಹೊಟ್ಟೆ ಕೆರೆದುಕೊಳ್ಳುತ್ತಲೇ ತೀರ್ಪು ಕೊಟ್ಟರು. “ಆ ರಿಪೋರ್ಟು ಈಗ, ಈ ಕ್ಷಣ, ನನ್ನ ಕೈಗೆ ಬರಬೇಕು. ಇಲ್ಲದಿದ್ರೆ ಇವತ್ತೇ ಸಸ್ಪೆಂಡ್.”

ರಿಪೋರ್ಟು ಶೇಕಡಾನ ಮೇಜಿನ ಕೆಳಖಾನೆಯಲ್ಲಿ ಕೆಂಪು ಮೊಹರಿನ ಅಡಿಯಲ್ಲಿತ್ತು. ತಂದು ಕೊಟ್ಟ. ಡೈರೆಕ್ಟರು ಕನ್ನಡಕ ಸರಿ ಮಾಡಿಕೊಂಡು, ಅಭ್ಯಾಸಬಲದಿಂದ, ಅವರೂ ಆ ಒಂದೇ ಸಾಲಿಗೆ ಹೋದರು. “ಇದರಲ್ಲಿ ತೊಂಬತ್ತೆರಡು ಎಲ್ಲಿದೆ? ನಾರ್ಮಲ್, ಐದು. ನೂರಕ್ಕೆ ಐದು ಅಂತಿದೆ!” ಎಂದು ಗಟ್ಟಿಯಾಗಿ ಓದಿದ ಮೇಲೆಯೇ ಕಾಗದದ ತಲೆಬರಹ ಅವರ ಕಣ್ಣಿಗೆ ಬಿದ್ದದ್ದು. ಅವರ ಕಿವಿ ಕೆಂಪಾಯಿತು.

“ಐದಾ?” ಎಂದರು ಸಾಹೇಬರು, ಮೋಸಹೋದ ದನಿಯಲ್ಲಿ.

“ಐದಾ?” ಎಂದಿತು ಬಾಗಿಲಿನಿಂದ ಇನ್ನೊಂದು ದನಿ.

ಹೆಂಡತಿ ನಿಂತಿದ್ದಳು, ಕೈಯಲ್ಲಿ ಬಟ್ಟೆಯ ಚೀಲ. ನಾಳೆ ಆಸ್ಪತ್ರೆಗೆಂದು ತುಂಬಿಟ್ಟಿದ್ದ ಚೀಲಕ್ಕೇ ಅವಸರದಲ್ಲಿ ಅವನ ಅಂಗಿ ತುರುಕಿಕೊಂಡು ಬಂದಿದ್ದಳು. ಹಿಂದೆ ಅತ್ತೆ.

ಅಷ್ಟರಲ್ಲಿ ಅತ್ತೆಯ ದೃಷ್ಟಿ ಡೈರೆಕ್ಟರ ತೋಳಿನ ಮೇಲೆ ಹೊಳೆಯುತ್ತಿದ್ದ ರೋಮಕ್ಕೆ ಬಿತ್ತು. “ಅಯ್ಯೋ, ನಸುಗುನ್ನಿ! ಯಾರೂ ಕೆರ್ಕೋಬೇಡಿ! ಕೆರೆದಷ್ಟೂ ಒಳಗೆ ಹೋಗುತ್ತೆ!” ಎಂದು ಮುನ್ನುಗ್ಗಿದವರೇ, ಮೇಜಿನ ಮೇಲಿದ್ದ ಅಂಟುಟೇಪಿನ ಉರುಳೆ ಎತ್ತಿಕೊಂಡು, ಡೈರೆಕ್ಟರನ್ನು ಕುರ್ಚಿಗೆ ನೂಕಿ, ತೋಳಿಗೆ ಟೇಪು ಒತ್ತಿ ಸರ್ರನೆ ಎಳೆದರು. ಇಲಾಖೆಯ ಅತ್ಯುನ್ನತ ಅಧಿಕಾರಿ ಅಮ್ಮಾ ಎಂದು ಕೂಗಿದರು. ಸಾಹೇಬರು ತೋಳು ಚಾಚಿಕೊಂಡು ಸರತಿಯಲ್ಲಿ ನಿಂತರು.

ಗಲಾಟೆಯ ನಡುವೆ ಹೆಂಡತಿ ಶೇಕಡಾನ ಹತ್ತಿರ ಬಂದಳು.

“ಯಾವಾಗಿಂದ ಗೊತ್ತಿತ್ತು?”

“ನಲವತ್ತೊಂದು ದಿನ.”

“ನಲವತ್ತೊಂದು ದಿನ ನಾನು ಏನು ಅಂದ್ಕೊಂಡಿದ್ದೆ ಗೊತ್ತಾ? ಇಷ್ಟು ಚೆನ್ನಾಗಿರೋ ಗಂಡಸಿಗೆ ನಾನು ಗಂಟುಬಿದ್ದೆನಲ್ಲ, ಆಪರೇಷನ್ನಲ್ಲೂ ಸರಿಹೋಗದಿದ್ರೆ ಅಮ್ಮನ ಜೊತೆ ಹೊರಟುಹೋಗೋಣ ಅಂತ. ಹೇಳಿದ್ರೆ ನಾನೇನು ಮೊಹರು ಹೊಡೀತಿದ್ನಾ ನಿಮ್ಮ ಮೇಲೆ?”

ಶೇಕಡಾನಿಗೆ ನಾಚಿಕೆಯಾಯಿತು. ಮೈಮೇಲಿನ ತುರಿಕೆ ಅದರ ಮುಂದೆ ಏನೂ ಅಲ್ಲ ಎನ್ನಿಸಿ, ಆ ಹೊತ್ತು ಒಂದು ಸಲವೂ ಕೆರೆದುಕೊಳ್ಳದೆ ನಿಂತ.

ಶುಕ್ರವಾರ ಡಾಕ್ಟರಮ್ಮ ಆ ಕಾಗದವನ್ನು ಓದಿ, ತಿರುಗಿಸಿ, ಮತ್ತೆ ಓದಿ, “ಇದರಲ್ಲಿ ಏನ್ರೀ ತಪ್ಪು?” ಎಂದರು.

“ಐದು, ಮೇಡಂ. ನಮ್ಮಲ್ಲಿ ಎಪ್ಪತ್ತಕ್ಕೆ ಕಡಿಮೆಯಾದ್ರೆ ತಿರಸ್ಕೃತ.”

“ಪಕ್ಕದಲ್ಲಿ ಸಣ್ಣಕ್ಷರ ಇದೆ ನೋಡಿ. ನಾಲ್ಕಿದ್ರೆ ಸಾಕು. ಮನುಷ್ಯರಲ್ಲಿ ಇರೋದೇ ಅಷ್ಟು. ಎಪ್ಪತ್ತು ಬೇಕು ಅಂತ ಯಾರು ಹೇಳಿದ್ದು?”

ಶೇಕಡಾ ಕಪ್ಪು ಬೀಜದ ಕಥೆಯನ್ನೂ ಇಲಿಗಳ ಕಥೆಯನ್ನೂ ತಲೆ ತಗ್ಗಿಸಿ ಹೇಳಿದ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

“ಇಲಿಗೆ ಒಳ್ಳೇದಾಗಿರಬಹುದು. ಮನುಷ್ಯರ ಮೇಲೂ ಅಲ್ಲಲ್ಲಿ ಸಣ್ಣ ಪರೀಕ್ಷೆ ಆಗಿದೆ, ಗಟ್ಟಿಯಾಗಿ ಹೇಳೋ ಹಾಗಿಲ್ಲ. ಗಿಡದ ಮದ್ದು ಅಂದ್ರೆ ಏನೂ ಮಾಡಲ್ಲ ಅಂತಲ್ಲ, ಮೂರು ಚಮಚ ಏನು ಬೇಕಾದ್ರೂ ಮಾಡಬಹುದು. ಮೊದಲು ನಿಲ್ಲಿಸಿ. ಹೊಸ ವೀರ್ಯಾಣು ತಯಾರಾಗೋಕೆ ಎರಡೂವರೆ ತಿಂಗಳು ಬೇಕು. ಮೂರು ತಿಂಗಳು ಬಿಟ್ಟು ಮತ್ತೆ ಪರೀಕ್ಷೆ ಮಾಡೋಣ. ಅಲ್ಲಿವರೆಗೂ ಇವರ ಹೊಟ್ಟೆ ತಂಟೆಗೆ ನಾನು ಹೋಗಲ್ಲ.”

ಹೆಂಡತಿ ದೀರ್ಘವಾಗಿ ಉಸಿರು ಬಿಟ್ಟಳು. ಗಂಡನ ಕಡೆ ನೋಡಲಿಲ್ಲ.

ಹೊರಗಿನ ಹಜಾರದ ಬೆಂಚುಗಳಲ್ಲಿ ಜಾಗವಿರಲಿಲ್ಲ. ಮೂಲೆಯಲ್ಲಿ ಉಳಿದಿದ್ದ ಎರಡು ಕುರ್ಚಿಗಳಲ್ಲಿ ಒಂದರಲ್ಲಿ ಹೆಂಡತಿ ಕೂತು, ಇನ್ನೊಂದರ ಮೇಲೆ ಬಟ್ಟೆಯ ಚೀಲ ಇಟ್ಟಳು. ತೋಳಿಗೆಲ್ಲ ಪಟ್ಟಿ ಹಾಕಿಕೊಂಡಿದ್ದ ಸಾಹೇಬರ ಪಕ್ಕದಲ್ಲೇ ಕಂಡಕ್ಟರು ಕೂತಿದ್ದರು. ಇಬ್ಬರೂ ತಂತಮ್ಮ ಸ್ನೇಹಿತನನ್ನು ಮನೆಯಲ್ಲಿ ಬಿಟ್ಟು, ಹೆಂಡತಿಯರನ್ನು ಕರೆತಂದಿದ್ದರು. ಅತ್ತೆ ಬಾಗಿಲಿಗೆ ಕಿವಿಕೊಟ್ಟೇ ನಿಂತಿದ್ದವರು ಇಡೀ ಹಜಾರಕ್ಕೆ ಕೇಳುವಂತೆ ಸಾರಿದರು: “ನಾಲ್ಕು ಸಾಕಂತೆ, ನಮ್ಮ ಅಳಿಯಂದ್ರದ್ದು ಐದು! ಅಂದ್ರೆ ನೂರಕ್ಕೆ ನೂರಿಪ್ಪತ್ತೈದು!”

“ಐದು, ಅತ್ತೆ” ಎಂದ ಶೇಕಡಾ. ಅವನ ದನಿ ಕೊನೆಯ ಬೆಂಚಿಗೂ ಕೇಳಿತು. “ಬರೀ ಐದು. ನಾನು ಹೇಳಿದ ತೊಂಬತ್ತೆರಡು ಸುಳ್ಳು.”

ಸಾಹೇಬರು ಎದ್ದು ಬಂದು, ಅಂಗಿಯೊಳಗಿಂದ ತಮ್ಮದೇ ರಿಪೋರ್ಟಿನ ಕವರ್ ತೆಗೆದು ಚಾಚಿದರು. “ಶೇಕಡಾ, ನೀವು ಒಂಚೂರು ನೋಡಿ ಹೇಳ್ರೀ. ನನಗೆ ಧೈರ್ಯ ಬರ್ತಿಲ್ಲ.”

ಅವನು ಕವರ್ ತೆಗೆದುಕೊಂಡ. ತಿರುಗಿಸಿ ನೋಡಿದ, ಅಂಟು ಹಾಗೇ ಇತ್ತು. ಎರಡು ಹೆಜ್ಜೆ ನಡೆದು ಬೆಂಚಿನಲ್ಲಿದ್ದ ಸಾಹೇಬರ ಹೆಂಡತಿಯ ಕೈಗೆ ಕೊಟ್ಟು, “ಅಮ್ಮಾ, ಇದನ್ನ ನೀವಿಬ್ಬರೂ ಕೂತ್ಕೊಂಡು ಒಡೀರಿ” ಎಂದ.

ನಿನ್ನೆಯಿಂದ ಅವನೊಡನೆ ಮಾತಾಡದಿದ್ದ ಹೆಂಡತಿ, ಪಕ್ಕದ ಕುರ್ಚಿಯ ಮೇಲಿಟ್ಟಿದ್ದ ಬಟ್ಟೆಯ ಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ಶೇಕಡಾ ಬಂದು ಕೂತ. ಎರಡು ನಿಮಿಷ ಹೇಗೋ ತಡೆದುಕೊಂಡ, ಆಮೇಲೆ ಭುಜ ಹೊರಳಿಸತೊಡಗಿದ. ಕೈಗೆ ಎಟುಕದ, ಬೆನ್ನಿನ ನಟ್ಟನಡುವಿನ ಜಾಗ. ಅವಳು ಎದುರುಗೋಡೆಯನ್ನೇ ನೋಡುತ್ತ ಕೈ ಹಿಂದೆ ಹಾಕಿ, ಸರಿಯಾಗಿ ಅಲ್ಲೇ ಕೆರೆದಳು, ಬೇಕಾದದ್ದಕ್ಕಿಂತ ಸ್ವಲ್ಪ ಜೋರಾಗಿಯೇ.